ಇಲ್ಲಿಯೂ ನಮ್ಮ ಮರಗಳೇ

ನಮ್ಮ ನೊಣವಿನಕೆರೆಯ ಕಡೆ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಇದ್ದ ಮರ್ಯಾದೆ ನಡುಮನೆಗೂ ಇರಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲೂಕುಗಳ ತೆಂಗಿನ ಸೀಮೆಯನ್ನು ಬಲ್ಲವರಿಗೆ ಇದು ಗೊತ್ತು. ಮರದಿಂದ ಇಳಿಸಿದ ಕಾಯಿ ಅಟ್ಟ ಹತ್ತಿ ಹತ್ತು ಹನ್ನೆರಡು ತಿಂಗಳು ಅಲ್ಲಿಯೇ ಬಿದ್ದಿರಬೇಕು. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಬೆಚ್ಚಗೆ ಒಣಗಿರುವ ಜಾಗವಾದ್ದರಿಂದ ಮನೆಯ ಕಾಗದ ಪತ್ರಗಳನ್ನು ಇಡುವುದೂ ಅಲ್ಲಿಯೇ. ನನ್ನ ತಾಯಿಯ ತಾಯಿ, ಅಂದರೆ ನಮ್ಮ ನಾನಿ, ತನ್ನ ತಗಡಿನ ಪೆಟ್ಟಿಗೆಯನ್ನು ಇಟ್ಟಿದ್ದು ಅಟ್ಟದ ಮೂಲೆಯಲ್ಲಿ, ಕಾಯಿರಾಶಿಯ ಹಿಂದೆ.

ನಾನು ಆ ಪೆಟ್ಟಿಗೆಯನ್ನು ಮೊದಲು ತೆರೆದದ್ದು ಓದುವ ಆಸೆಯಿಂದಲ್ಲ, ಸ್ಟಾಂಪುಗಳ ಆಸೆಯಿಂದ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಶಾಲೆಯ ಹುಡುಗರಿಗೆಲ್ಲ ಅಂಚೆ ಚೀಟಿ ಕೂಡಿಸುವ ಹುಚ್ಚು ಹಿಡಿದಿತ್ತು. ಬಟ್ಟಲಲ್ಲಿ ನೀರು ತಂದು ಲಕೋಟೆಗಳನ್ನು ನೆನೆಹಾಕಲು ಕೂತವನ ಕೈಯನ್ನು ನಾನಿ ಹಿಡಿದುಕೊಂಡಳು. 'ಚೀಟಿ ಆಮೇಲೆ ತಗೋ. ಮೊದಲು ಒಳಗಿರೋದನ್ನ ಓದು' ಎಂದಳು. ಬೆಳಿಗ್ಗೆ ಅರಬ್ಬಿ ಮದ್ರಸ, ಆಮೇಲೆ ಉರ್ದು ಶಾಲೆ, ಮಾಧ್ಯಮಿಕಕ್ಕೆ ಕನ್ನಡ ಶಾಲೆ ಎಂದು ಮೂರು ಕಡೆ ಅಲೆದ ನನ್ನಂಥವನಿಂದ ಮನೆಗೆ ಆದ ಮೊದಲ ಉಪಯೋಗ ಇದೇ ಇರಬೇಕು. ಕಟ್ಟಿನಲ್ಲಿ ಉರ್ದುವೂ ಇತ್ತು, ಕನ್ನಡವೂ ಇತ್ತು. ನಾನಿಗೆ ಎರಡೂ ಓದಲು ಬರುತ್ತಿರಲಿಲ್ಲ. ಆದರೆ ಯಾವ ಕಾಗದದಲ್ಲಿ ಏನಿದೆ ಎಂಬುದು ಬಾಯಿಪಾಠವಾಗಿತ್ತು. ನಾನು ಒಂದು ಸಾಲು ಹಾರಿಸಿದರೆ ತಿದ್ದುತ್ತಿದ್ದಳು.

ಕಾಗದಗಳ ಮಾತಿಗೆ ಮೊದಲು ಅಂಚೆಯ ಮಾತು. ಅಂಚೆ ಎಂದರೆ ಹಂಸ, ಹಂಸ ಸಂದೇಶ ಒಯ್ಯುವ ಹಕ್ಕಿ ಎಂದು ನಮ್ಮ ಕನ್ನಡ ಮೇಷ್ಟರು ಹೇಳುತ್ತಿದ್ದರು. ಅದೇನೇ ಇರಲಿ, ಮೈಸೂರಿನ ಅಂಚೆ ಬಹಳ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ಶುರುವಾಯಿತೆನ್ನುತ್ತಾರೆ. ಅಂಚೆಯವರು ಕಾಗದದ ಜೊತೆಗೆ ಊರೂರಿನ ಸುದ್ದಿಯನ್ನೂ ಅರಮನೆಗೆ ಒಯ್ಯುತ್ತಿದ್ದರು. ಪರರ ಓಲೆಯನ್ನು ಸರ್ಕಾರ ಬಿಚ್ಚಿ ನೋಡುವುದು ಇಂಗ್ಲಿಷರು ಕಲಿಸಿದ ಚಾಳಿಯೇನಲ್ಲ! 1889ರಲ್ಲಿ ಈ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಹೈದರಾಬಾದಿನ ನಿಜಾಮರಂತೆ ಮೈಸೂರಿನ ಮಹಾರಾಜರು ತಮ್ಮದೇ ಅಂಚೆ ಚೀಟಿ ಅಚ್ಚು ಹಾಕಿಸಲಿಲ್ಲ. ಹೀಗಾಗಿ ಮಹಾಯುದ್ಧದ ಕಾಲದಲ್ಲಿ ಮಹಾರಾಜರ ಪ್ರಜೆಗಳಾದ ನಮ್ಮವರು ಬರೆದ ಕಾಗದಗಳ ಮೇಲೆಲ್ಲ ಇರುವುದು ಆರನೆಯ ಜಾರ್ಜ್ ದೊರೆಯ ತಲೆ. ಆಗಿನ ಹಳ್ಳಿಗಳಲ್ಲಿ ಶಾಲೆಯ ಮೇಷ್ಟರೇ ಅಂಚೆ ಮಾಸ್ತರೂ ಆಗಿರುತ್ತಿದ್ದುದು ಸಾಮಾನ್ಯ. ಕಾಗದ ಕೊಡುವವರೇ ಓದಿ ಹೇಳುವವರು, ಉತ್ತರ ಬರೆದುಕೊಡುವವರು. ಉರ್ದು ಕಾಗದ ಬಂದರೆ ಮಾತ್ರ ಅದು ಮಸೀದಿಯ ಪೇಶ್ ಇಮಾಮರ ಬಳಿಗೆ ಹೋಗಬೇಕಿತ್ತು. ಗಂಡನ ಕಾಗದ ಹೆಂಡತಿಯನ್ನು ತಲುಪುವ ಹೊತ್ತಿಗೆ ಅರ್ಧ ಊರು ಅದನ್ನು ಕೇಳಿರುತ್ತಿತ್ತು.

ನಾನಿಯ ಅಣ್ಣ ಮೈಸೂರು ಸಂಸ್ಥಾನದ ಪದಾತಿ ಪಡೆಗೆ ಸೇರಿದ್ದರು. ನಮ್ಮ ಮನೆಯಲ್ಲಿ ಅವರ ಹೆಸರು ಹೇಳುವವರಿಲ್ಲ. ಚಿಕ್ಕವರು ದೊಡ್ಡವರೆಲ್ಲ 'ಫೌಜಿ ಮಾಮು' ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಜಗಳವಾಡಿ ಹೋದರೋ, ಸಂಬಳಕ್ಕಾಗಿ ಹೋದರೋ ಎಂಬುದರ ಬಗ್ಗೆ ಎರಡು ಮೂರು ಕಥೆಗಳಿವೆ. 1941ರಲ್ಲಿ ಅವರು ಸಮುದ್ರದಾಚೆಗೆ ಹೋದರು. ಎಲ್ಲಿಗೆ ಎಂದು ಮನೆಯವರಿಗೆ ತಿಳಿಯಲಿಲ್ಲ. ತಿಳಿಯಬಾರದೆಂಬುದೇ ನಿಯಮವಾಗಿತ್ತು. ಸೈನ್ಯದ ಅಂಚೆಯ ಮುದ್ರೆಯಲ್ಲಿ ಊರ ಹೆಸರಿರುವುದಿಲ್ಲ, ಫೀಲ್ಡ್ ಪೋಸ್ಟ್ ಆಫೀಸ್ ಎಂದು ಬರೆದು ಒಂದು ಸಂಖ್ಯೆ ಇರುತ್ತದೆ, ಅಷ್ಟೆ. ಪಕ್ಕದಲ್ಲಿ ಸೆನ್ಸಾರಿನವರ ಮುದ್ರೆ. ಊರ ಹೆಸರು, ಹಡಗಿನ ಹೆಸರು, ಪಲ್ಟನ್ನಿನ ಸಂಗತಿ ಏನಾದರೂ ಕಾಗದದಲ್ಲಿ ನುಸುಳಿದರೆ ಮಸಿ ಬಳಿಯುತ್ತಿದ್ದರು, ಇಲ್ಲವೆ ಕತ್ತರಿಸಿ ತೆಗೆಯುತ್ತಿದ್ದರು.

ಆ ಕಾಗದ ನನ್ನ ಮುಂದೆ ಇದೆ. ತಲೆಯಲ್ಲಿ 786. ಆಮೇಲೆ ಉರ್ದು ಕಾಗದಗಳ ಆ ಹಳೆಯ ಪಲ್ಲವಿ: ಸಲಾಮಿನ ನಂತರ, ಇಲ್ಲಿ ಎಲ್ಲ ಖೈರಿಯತ್ತು, ನಿಮ್ಮ ಖೈರಿಯತ್ತನ್ನು ಖುದಾವಂದ್ ಕರೀಮನಲ್ಲಿ ಬೇಡುತ್ತೇನೆ. ಕನ್ನಡ ಕಾಗದಗಳ 'ಉಭಯ ಕುಶಲೋಪರಿ ಸಾಂಪ್ರತ'ಕ್ಕೆ ಇದು ಖಾಸಾ ತಮ್ಮ. ಗುಂಡು ಹಾರುವ ಜಾಗದಲ್ಲಿ ಕೂತು ಬರೆದರೂ ಮೊದಲ ಸಾಲು ಖೈರಿಯತ್ತೇ. ಅಮ್ಮಿಗೆ ಸಲಾಮು, ತಂಗಿಗೆ ದುವಾ, ಕಪ್ಪು ಹಸು ಈದಿತೇ ಎಂಬ ವಿಚಾರಣೆ. ಆಮೇಲೆ ಈ ಮೂರು ಸಾಲು. ಇಲ್ಲಿಯೂ ನಮ್ಮ ಮರಗಳೇ. ಆದರೆ ಈ ಜನಕ್ಕೆ ಅಟ್ಟ ಎಂಬುದು ಗೊತ್ತಿಲ್ಲ. ಕಾಯಿ ಒಡೆದು ಹೋಳು ಮಾಡಿ ಹೊಗೆಯ ಮೇಲೆ ಒಣಗಿಸುತ್ತಾರೆ, ಅಬ್ಬಾ ನೋಡಿದ್ದರೆ ನಗುತ್ತಿದ್ದರು.

ಸೆನ್ಸಾರಿನ ಸಾಹೇಬನಿಗೆ ಇದು ತೆಂಗಿನ ಮರದ ವರ್ಣನೆಯಾಗಿ ಕಂಡಿರಬೇಕು. ಒಂದು ಅಕ್ಷರಕ್ಕೂ ಮಸಿ ಬಿದ್ದಿಲ್ಲ. ಆದರೆ ನಾನಿಯ ಅಬ್ಬಾ ತಿಪಟೂರಿನ ಮಂಡಿಗಳಿಗೆ ಕೊಬ್ಬರಿ ಹೊರಿಸುತ್ತಿದ್ದವರು. ನಮ್ಮ ಉಂಡೆ ಕೊಬ್ಬರಿ ತಿನ್ನುವುದಕ್ಕೆ, ಶುಭಕಾರ್ಯಕ್ಕೆಂದು ರೈಲಿನಲ್ಲಿ ಉತ್ತರಕ್ಕೆ ಹೋಗುತ್ತದೆ. ಹೋಳು ಮಾಡಿ ಹೊಗೆಯಲ್ಲಿ ಒಣಗಿಸಿದ ಕೊಬ್ಬರಿ ಗಾಣಕ್ಕೆ, ಸಾಬೂನಿಗೆ. ಅದು ಬರುವುದು ಸಿಂಹಳದಿಂದ, ಮಲಯಾದಿಂದ ಎಂಬುದು ಮಂಡಿಯ ಪಡಸಾಲೆಯಲ್ಲಿ ಕೂರುವವರಿಗೆಲ್ಲ ಗೊತ್ತಿದ್ದ ಮಾತು. ಅಬ್ಬಾ ಕಾಗದ ಕೇಳಿಸಿಕೊಂಡು, 'ಹುಡುಗ ಸಿಂಹಳದಲ್ಲಿದ್ದಾನೆ, ಇಲ್ಲದಿದ್ದರೆ ಮಲಯಾದಲ್ಲಿ' ಎಂದರಂತೆ. ಮಗ ಅದನ್ನು ಬೇಕೆಂದೇ ಬರೆದನೋ, ಸುಮ್ಮನೆ ಬರೆದನೋ? ಕಥೆ ಬರೆಯುವವನಾದ ನನಗೆ ಬೇಕೆಂದೇ ಬರೆದ ಎಂದು ನಂಬುವ ಆಸೆ. ನಾನಿ ಮಾತ್ರ, 'ಅವನಿಗೆ ಅಷ್ಟು ಬುದ್ಧಿ ಎಲ್ಲಿತ್ತು, ಮರ ಕಂಡ, ಬರೆದ' ಎನ್ನುತ್ತಿದ್ದಳು.

ಹೀಗೆ ಕಣ್ಣು ತಪ್ಪಿಸಿ ಬರೆಯುವ ವಿದ್ಯೆ ಅದಕ್ಕೂ ಹಿಂದಿನದು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಓದಲೆಂದೇ 1914ರಲ್ಲಿ ಒಂದು ಕಚೇರಿ ತೆರೆದರು. ಉರ್ದು, ಗುರುಮುಖಿ, ಹಿಂದಿ ಕಾಗದಗಳನ್ನು ಓದಿ, ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ಇಳಿಸಿ ಮೇಲಿನವರಿಗೆ ಕಳಿಸುತ್ತಿದ್ದರು. ಮೂಲ ಕಾಗದಗಳು ಹಳ್ಳಿಗಳಲ್ಲಿ ಗೆದ್ದಲು ತಿಂದುಹೋದವು. ಕದ್ದು ಓದಿದವರು ಮಾಡಿಕೊಂಡ ಅನುವಾದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಅವುಗಳಲ್ಲಿ ಕರಿಮೆಣಸು, ಕೆಂಪು ಮೆಣಸಿನ ಮಾತು ಮತ್ತೆ ಮತ್ತೆ ಬರುತ್ತದೆ. ಕರಿಮೆಣಸು ಎಂದರೆ ಭಾರತದ ಸಿಪಾಯಿ, ಕೆಂಪು ಮೆಣಸು ಎಂದರೆ ಗೋರಾ ಸಿಪಾಯಿ. ಕರಿಮೆಣಸು ಖರ್ಚಾಗುತ್ತಿದೆ ಎಂದು ಬರೆದರೆ ಊರಿನವರು ಅರ್ಥ ಮಾಡಿಕೊಳ್ಳಬೇಕು. ಈ ಗುಟ್ಟನ್ನು ಸೆನ್ಸಾರಿನವರು ಬೇಗನೇ ಪತ್ತೆ ಹಚ್ಚಿದರು ಎಂಬುದೂ ಅದೇ ಕಡತಗಳಿಂದಲೇ ನಮಗೆ ತಿಳಿಯುತ್ತದೆ.

ಆ ಯುದ್ಧದಲ್ಲಿ ಮೈಸೂರಿನ ಕುದುರೆ ಸವಾರರೂ ಇದ್ದರು. 1914ರಲ್ಲಿ ಈಜಿಪ್ಟಿಗೆ ಹೋದ ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಗೆದ್ದಿತು. ಬೆಂಗಳೂರಿನ ಜಯಚಾಮರಾಜನಗರದಲ್ಲಿ ಅವರ ಸ್ಮಾರಕಸ್ತಂಭ ಇದೆ. ಪಡೆಯಲ್ಲಿ ಮುಸ್ಲಿಂ ಸವಾರರೂ ಇದ್ದರು, ಎದುರಿಗಿದ್ದುದು ತುರ್ಕಿಯ ಖಲೀಫರ ಸೈನ್ಯ. ಶುಕ್ರವಾರದ ಖುತ್ಬಾದಲ್ಲಿ ಯಾರಿಗಾಗಿ ದುವಾ ಕೇಳುತ್ತಿದ್ದರೋ ಅವರ ಮೇಲೆಯೇ ಈಟಿ ಎತ್ತಬೇಕಾದ ಮನುಷ್ಯ ಮನೆಗೆ ಏನೆಂದು ಬರೆದಾನು? ಖೈರಿಯತ್ತು ಎಂದೇ ಬರೆದಿರಬೇಕು. ಅದೇ ಕಾಲದಲ್ಲಿ, 1916ರಲ್ಲಿ, ಮೌಲಾನಾ ಉಬೈದುಲ್ಲಾ ಸಿಂಧಿ ಕಾಬೂಲಿನಿಂದ ದೇವಬಂದಿನ ಮೌಲಾನಾ ಮಹ್ಮೂದ್ ಹಸನರಿಗೆ ರೇಷ್ಮೆ ಬಟ್ಟೆಯ ಮೇಲೆ ಕಾಗದ ಬರೆದು ಕಳಿಸಿದರು. ಬ್ರಿಟಿಷರನ್ನು ಓಡಿಸುವ ಯೋಜನೆ ಅದರಲ್ಲಿತ್ತು. ಅದು ಪಂಜಾಬಿನ ಪೊಲೀಸರ ಕೈಗೆ ಸಿಕ್ಕಿತು. ಮೌಲಾನಾರನ್ನು ಮಾಲ್ಟಾ ದ್ವೀಪದ ಸೆರೆಗೆ ಹಾಕಿದರು. ತಲುಪಬೇಕಾದವರಿಗೆ ತಲುಪದ ಆ ರೇಷ್ಮೆ ಪತ್ರದ ಹೆಸರಿನಲ್ಲಿ ಭಾರತದ ಅಂಚೆ ಇಲಾಖೆ 2013ರಲ್ಲಿ ಒಂದು ಅಂಚೆ ಚೀಟಿ ಹೊರಡಿಸಿತು. ಕಾಗದವನ್ನು ಹಿಡಿದವರು ಹೋದರು, ಕಾಗದ ಚೀಟಿಯಾಯಿತು.

ಮತ್ತೆ ಮಲಯಾಕ್ಕೆ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿತು. ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸಿಪಾಯಿಗಳು ಸೆರೆಯಾದರು. ಮೈಸೂರಿನ ಪದಾತಿ ಪಡೆ, ಹೈದರಾಬಾದಿನ ಪಡೆ ಮೊದಲಾದ ಸಂಸ್ಥಾನಗಳ ಸೈನಿಕರೂ ಅವರಲ್ಲಿದ್ದರು. ಎರಡೇ ದಿನಕ್ಕೆ, ಫೆಬ್ರವರಿ 17ರಂದು, ಫಾರರ್ ಪಾರ್ಕಿನ ಮೈದಾನದಲ್ಲಿ ಭಾರತೀಯರನ್ನೆಲ್ಲ ಬೇರೆಯಾಗಿ ಕೂರಿಸಿ, ನೀವು ಇನ್ನು ಇಂಗ್ಲಿಷರ ಸಿಪಾಯಿಗಳಲ್ಲ ಎಂದರು. ಆಜಾದ್ ಹಿಂದ್ ಫೌಜಿನ ಕಥೆ ಶುರುವಾದದ್ದು ಅಲ್ಲಿಂದ. ನೊಣವಿನಕೆರೆಗೆ ತಿಳಿದದ್ದು ಒಂದೇ ಒಂದು ಮಾತು: ಕಾಗದ ನಿಂತುಹೋಯಿತು.

ಯುದ್ಧ ಕೈದಿಗಳು ಮನೆಗೆ ಕಾಗದ ಬರೆಯಬಹುದು, ಅದಕ್ಕೆ ಅಂಚೆ ಖರ್ಚು ಇಲ್ಲ ಎಂದು 1929ರ ಜಿನೀವಾ ಒಪ್ಪಂದ ಹೇಳುತ್ತದೆ. ಜಪಾನ್ ಆ ಒಪ್ಪಂದಕ್ಕೆ ರುಜು ಹಾಕಿತ್ತು, ಆದರೆ ಅದನ್ನು ಅನುಮೋದಿಸಿರಲಿಲ್ಲ. ಅದರ ಸೆರೆಯಿಂದ ಹೊರಬಂದದ್ದು ಎಣಿಕೆಯ ಕಾರ್ಡುಗಳು. ಎಷ್ಟೋ ಕಾರ್ಡುಗಳಿಗೆ ಇಪ್ಪತ್ತೈದು ಪದಗಳ ಮಿತಿ. ಜಿನೀವಾದಲ್ಲಿ ರೆಡ್ ಕ್ರಾಸಿನವರು ಕಾಣೆಯಾದವರ, ಸೆರೆಯಾದವರ ಹೆಸರುಗಳನ್ನು ಬರೆದಿಟ್ಟ ಕಾರ್ಡುಗಳ ಸಂಖ್ಯೆ ಯುದ್ಧ ಮುಗಿಯುವ ಹೊತ್ತಿಗೆ ಕೋಟಿಗಟ್ಟಲೆ. ನಮ್ಮ ಮನೆಗೆ ಇಪ್ಪತ್ತೈದು ಪದಗಳ ಕಾರ್ಡೂ ಬರಲಿಲ್ಲ. ಬಂದದ್ದು 'ಕಾಣೆಯಾಗಿದ್ದಾರೆ' ಎಂಬ ಸರ್ಕಾರಿ ಕಾಗದ. ಅದನ್ನು ಓದಿ ಹೇಳಿದ ಮೇಷ್ಟರು, 'ಕಾಣೆ ಅಂದರೆ ಸತ್ತರು ಅಂತಲ್ಲ' ಎಂದು ಮೂರು ಸಲ ಹೇಳಿದರಂತೆ. ನಾನಿಯ ಅಮ್ಮಿ ಆ ಕಾಗದವನ್ನು ಕೈಯಿಂದ ಮುಟ್ಟಲಿಲ್ಲ.

ಇತ್ತ ಬೆಂಗಳೂರಿನಲ್ಲಿ ಇನ್ಯಾರದೋ ಮಕ್ಕಳು ಸೆರೆಯಲ್ಲಿದ್ದರು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸಿಪಾಯಿಗಳನ್ನು ಸಾವಿರಗಟ್ಟಲೆ ತಂದು ಬೆಂಗಳೂರಿನ ಸುತ್ತ ಶಿಬಿರಗಳಲ್ಲಿ ಇಟ್ಟಿದ್ದರು. ಅವರು ಅಲ್ಲಿಂದ ಬರೆದ ಕಾರ್ಡುಗಳು ಇಂದು ಅಂಚೆ ಸಂಗ್ರಾಹಕರ ಕೈಯಲ್ಲಿ ಅಡ್ಡಾಡುತ್ತವೆ. ಯುದ್ಧ ಕೈದಿಯ ಅಂಚೆ ಎಂಬ ಅಚ್ಚು, ಶಿಬಿರದ ಸಂಖ್ಯೆ, ಬೆಂಗಳೂರಿನ ಹೆಸರು, ಸೆನ್ಸಾರಿನ ಮುದ್ರೆ. ಅಂಥದ್ದೊಂದನ್ನು ಬೆಂಗಳೂರಿನ ಅಂಚೆ ಚೀಟಿ ಪ್ರದರ್ಶನದಲ್ಲಿ ನೋಡಿದೆ. ಪೆನ್ಸಿಲಿನ ಅಕ್ಷರ, ಕೆಳಗೆ ತಾಯಿಗೆ ಮುತ್ತು ಎಂಬ ಅರ್ಥದ ಮಾತು ಎಂದು ಪಕ್ಕದಲ್ಲಿದ್ದವರು ಹೇಳಿದರು. ಅವನೂ ಕಿಟಕಿಯಾಚೆಗಿನ ಮರಗಳ ಬಗ್ಗೆ ಬರೆದಿದ್ದನೋ ಏನೋ, ನನಗೆ ಇಟಾಲಿಯನ್ ಬರುವುದಿಲ್ಲ.

ಊರಿನಲ್ಲಿ ಯುದ್ಧ ಬಂದದ್ದು ಗುಂಡಿನ ರೂಪದಲ್ಲಲ್ಲ, ಅಭಾವದ ರೂಪದಲ್ಲಿ. ಬರ್ಮಾ ಜಪಾನೀಯರ ಕೈಸೇರಿದ ಮೇಲೆ ಅಲ್ಲಿನ ಅಕ್ಕಿ ನಿಂತಿತು. ಸೀಮೆಎಣ್ಣೆ, ಸಕ್ಕರೆಗೆ ರೇಷನ್ನು ಬಂತು. ತಾಮ್ರ ಉಳಿಸಲು 1943ರಲ್ಲಿ ಸರ್ಕಾರ ನಡುವೆ ತೂತಿರುವ ಕಾಸು ಹೊರಡಿಸಿತು. ಮಕ್ಕಳು ಅದನ್ನು ದಾರಕ್ಕೆ ಪೋಣಿಸಿಕೊಂಡು ಓಡಾಡುತ್ತಿದ್ದರು ಎಂದು ನಾನಿ ಹೇಳುತ್ತಿದ್ದಳು. ಕಾಗದಕ್ಕೂ ಬರ. ಕಟ್ಟಿನಲ್ಲಿರುವ ಆ ಕಾಲದ ಮಂಡಿ ಲಕೋಟೆಗಳಲ್ಲಿ ಅನೇಕವು ಒಮ್ಮೆ ಬಳಸಿದವುಗಳ ಒಳಮೈ ಹೊರಗೆ ಮಾಡಿ ಅಂಟಿಸಿದವು. ಒಂದು ಕಾರ್ಡಿನಲ್ಲಿ ಕೊಬ್ಬರಿಯ ದರ ಬರೆದು, ಉಳಿದ ಜಾಗದಲ್ಲಿ ರೈಲಿನ ವ್ಯಾಗನ್ ಸಿಗುತ್ತಿಲ್ಲ ಎಂದು ಅಡ್ಡಡ್ಡ ಬರೆದಿದೆ, ಅದರ ಅಂಚಿನಲ್ಲಿ ಯಾರದೋ ಮದುವೆಯ ಕರೆಯೋಲೆ. ಮಲಯಾ, ಡಚ್ಚರ ದ್ವೀಪಗಳು, ಫಿಲಿಪೈನ್ಸ್ ಎಲ್ಲವೂ ಜಪಾನಿನ ವಶವಾಗಿದ್ದರಿಂದ ಅಲ್ಲಿನ ಹೊಗೆ ಕೊಬ್ಬರಿ ಬರುವುದು ನಿಂತಿತ್ತು. ಮಗನನ್ನು ನುಂಗಿದ ಊರಿನ ಕೊಬ್ಬರಿ ಬಾರದೆ ಇಲ್ಲಿನ ಕೊಬ್ಬರಿಯನ್ನು ಕೇಳುವವರು ಹೆಚ್ಚಿದಾಗ ಅಬ್ಬಾನ ಮನಸ್ಸು ಹೇಗಿತ್ತೋ, ಅದನ್ನು ಯಾವ ಕಾರ್ಡೂ ಹೇಳುವುದಿಲ್ಲ.

1945ರ ಆಗಸ್ಟಿನಲ್ಲಿ ಜಪಾನ್ ಸೋತಿತು. 1946ರ ಜನವರಿ 2ರಂದು ಭಾರತದ ಅಂಚೆ ಇಲಾಖೆ ವಿಜಯದ ಸ್ಮರಣೆಗೆ ನಾಲ್ಕು ಚೀಟಿಗಳನ್ನು ಹೊರಡಿಸಿತು: 9 ಪೈ, ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ. ದೊರೆಯ ತಲೆ, ವಿಕ್ಟರಿ ಎಂಬ ಇಂಗ್ಲಿಷ್ ಪದ. ಯಾರ ವಿಜಯ ಎಂದು ಕೇಳುವ ಪ್ರಶ್ನೆಯೇ ಇಲ್ಲ. ಹೈದರಾಬಾದ್ ಸಂಸ್ಥಾನ 1945ರಲ್ಲಿಯೇ ತನ್ನದೊಂದು ಚೀಟಿ ತಂದಿತ್ತು. ಒಂದಾಣೆಯ ಆ ನೀಲಿ ಚೀಟಿಯಲ್ಲಿ ರಾಜನಿಲ್ಲ. ಯುದ್ಧದಿಂದ ಮನೆಗೆ ಮರಳಿದ ಸಿಪಾಯಿ, ಎದುರುಗೊಳ್ಳುವ ಅವನ ಸಂಸಾರ. ಆಗ ನಿಜಾಮರ ಆಡಳಿತದಲ್ಲಿದ್ದ ಗುಲಬರ್ಗಾ, ಬೀದರ್, ರಾಯಚೂರಿನ ಕನ್ನಡಿಗರು ಕಾಗದಕ್ಕೆ ಹಚ್ಚಿದ್ದು ಅದನ್ನೇ. ವಿಜಯವನ್ನು ಹೀಗೆ ಅರ್ಥ ಮಾಡಿಕೊಂಡ ಚಿತ್ರ ಯಾರದ್ದಾದರೂ ಸರಿ, ನನಗೆ ಅದೇ ಮೆಚ್ಚು.

ಫೌಜಿ ಮಾಮು 1946ರಲ್ಲಿ ಬಂದರು. ತಿಪಟೂರು ನಿಲ್ದಾಣದಲ್ಲಿ ಇಳಿದು ನಡೆದೇ ಬಂದರಂತೆ. ಯಾರಿಗೂ ಮುಂಚೆ ತಿಳಿಸಿರಲಿಲ್ಲ. ಆ ಮೊದಲ ರಾತ್ರಿ ಊಟ ಮಾಡಿ ಅಟ್ಟ ಹತ್ತಿ ಕತ್ತಲಲ್ಲೇ ಕಾಯಿಗಳನ್ನು ಒಂದೊಂದಾಗಿ ಎತ್ತಿ ಅಲ್ಲಾಡಿಸುತ್ತ ಕೂತಿದ್ದರು, ಕೆಳಗೆ ಮಲಗಿದ್ದವರಿಗೆಲ್ಲ ಲೊಡಲೊಡ ಸದ್ದು ಕೇಳುತ್ತಿತ್ತು ಎಂದು ನಾನಿ ಎಷ್ಟು ಸಲ ಹೇಳಿದ್ದಾಳೋ. ನಾಲ್ಕು ವರ್ಷ ಎಲ್ಲಿದ್ದರು, ಆಜಾದ್ ಹಿಂದ್ ಫೌಜು ಸೇರಿದ್ದರೇ, ಇಲ್ಲ ಕೈದಿಯಾಗಿಯೇ ಉಳಿದರೇ, ಅವರು ಹೇಳಲಿಲ್ಲ. ಸಿಂಗಪುರದಿಂದ ಸೆರೆಯಾಳುಗಳನ್ನು ನ್ಯೂಗಿನಿಯವರೆಗೂ ಹಡಗಿನಲ್ಲಿ ಸಾಗಿಸಿದ್ದರೆಂದು ನಾನು ಬಹಳ ತಡವಾಗಿ ಓದಿದೆ. ಅಷ್ಟರಲ್ಲಿ ಕೇಳಲು ಅವರಿರಲಿಲ್ಲ.

ಅವರ ಮೌನಕ್ಕೆ ಒಂದು ಕಾರಣ ಈ ಕಟ್ಟಿನಲ್ಲೇ ಇದೆ. ಮರಳಿ ಬಂದ ಸಿಪಾಯಿಗಳನ್ನು ಸರ್ಕಾರ ವಿಚಾರಣೆ ಮಾಡಿ ಬಿಳಿ, ಬೂದು, ಕರಿ ಎಂದು ಮೂರು ಬಣ್ಣವಾಗಿ ವಿಂಗಡಿಸಿತು. ಇಂಗ್ಲಿಷರಿಗೆ ನಿಷ್ಠನಾಗಿ ಉಳಿದವನು ಬಿಳಿ, ಮನಸಾರೆ ಸುಭಾಷರ ಜೊತೆ ಹೋದವನು ಕರಿ, ನಡುವಿನವನು ಬೂದು. ಸೆರೆಯಲ್ಲಿದ್ದ ವರ್ಷಗಳ ಸಂಬಳ ಸಿಗುವುದೋ ಇಲ್ಲವೋ ಎಂಬುದು ಈ ಬಣ್ಣದ ಮೇಲೆ ನಿಂತಿತ್ತು. ದೆಹಲಿಯ ಕೆಂಪುಕೋಟೆಯಲ್ಲಿ 1945ರ ನವೆಂಬರಿನಲ್ಲಿ ಶಾನವಾಜ್ ಖಾನ್, ಸೆಹಗಲ್, ಧಿಲ್ಲೋನ್ ಮೂವರ ವಿಚಾರಣೆ ನಡೆದಾಗ ದೇಶವೇ ಬೀದಿಗಿಳಿಯಿತು. ಒಬ್ಬ ಮುಸ್ಲಿಂ, ಒಬ್ಬ ಹಿಂದೂ, ಒಬ್ಬ ಸಿಖ್. 1997ರಲ್ಲಿ ಆ ಮೊಕದ್ದಮೆಯ ನೆನಪಿಗೂ ಅಂಚೆ ಚೀಟಿ ಬಂತು. ಆದರೆ ಹಳ್ಳಿಗೆ ಮರಳಿದ ಸಿಪಾಯಿಯ ಮುಂದಿದ್ದುದು ಬಾಕಿ ಸಂಬಳದ ಪ್ರಶ್ನೆ. ಮೈಸೂರಿನಿಂದ ಅವರ ಜೊತೆಗಾರರೊಬ್ಬರು ಬರೆದ ಕಾಗದ ಹೀಗಿದೆ: ನನ್ನನ್ನು ಬೂದು ಎಂದಿದ್ದಾರೆ, ಹಣ ಬರುವ ಹಾಗೆ ಕಾಣುವುದಿಲ್ಲ, ನಿನ್ನದು ಏನಾಯಿತು ಬರೆ. ಲಕೋಟೆಯ ಮೇಲೆ ಒಂದೂವರೆ ಆಣೆಯ, ನೇರಳೆ ಬಣ್ಣದ ವಿಜಯದ ಚೀಟಿ. ಹುಡುಗನಾಗಿದ್ದಾಗ ನಾನು ನೀರಿಗೆ ಹಾಕಲು ಹೊರಟದ್ದು ಇದನ್ನೇ.

ಸುಭಾಷರ ಬಳಗವೂ ಚೀಟಿ ಅಚ್ಚು ಹಾಕಿಸಿತ್ತು. 1943ರಲ್ಲಿ ಬರ್ಲಿನ್ನಿನಲ್ಲಿ ಆಜಾದ್ ಹಿಂದ್ ಹೆಸರಿನ ಚೀಟಿಗಳು ಮುದ್ರಣವಾದವು. ಅವನ್ನು ಹಚ್ಚಿದ ಒಂದು ಕಾಗದವೂ ಅಂಚೆಗೆ ಬೀಳಲಿಲ್ಲ. ಸ್ವತಂತ್ರ ಭಾರತದ ಮೊದಲ ಚೀಟಿ ಬಂದದ್ದು 1947ರ ನವೆಂಬರ್ 21ರಂದು, ರಾಷ್ಟ್ರಧ್ವಜದ ಚಿತ್ರದೊಂದಿಗೆ, ಅದರ ಮೇಲೆ 'ಜೈ ಹಿಂದ್'. ಆಜಾದ್ ಹಿಂದ್ ಫೌಜಿನ ಘೋಷಣೆ ಹೀಗೆ ಸರ್ಕಾರಿ ಚೀಟಿಯ ಮೇಲೆ ಬಂತು. ಅದರ ಬೆಲೆ ಮೂರೂವರೆ ಆಣೆ.

ಅದಕ್ಕೆ ಏಳು ವಾರ ಮೊದಲು, ಅಕ್ಟೋಬರ್ 1ರಂದು, ಪಾಕಿಸ್ತಾನ ತನ್ನ ಚೀಟಿ ತಂದಿತ್ತು. ಹೊಸದೇನಲ್ಲ; ಅದೇ ಜಾರ್ಜ್ ದೊರೆಯ ಭಾರತದ ಚೀಟಿಗಳ ಮೇಲೆ ಪಾಕಿಸ್ತಾನ್ ಎಂದು ಅಚ್ಚೊತ್ತಿದ್ದು. ಹಾಗೆ ಒತ್ತಿದ್ದು ನಮ್ಮ ನಾಸಿಕದ ಮುದ್ರಣಾಲಯದಲ್ಲಿ. ದೇಶ ಒಡೆದ ಮೇಲೂ ಕೆಲಕಾಲ ಎರಡು ಮನೆಗೆ ಒಂದೇ ಒಲೆ ಎಂಬಂತೆ! ನಾನಿಯ ದೂರದ ಬಂಧುವೊಬ್ಬರು ಬೆಂಗಳೂರಿನಿಂದ ಕರಾಚಿಗೆ ಹೋದರು. ಅವರ ಕಾಗದಗಳಲ್ಲಿ ಆ ಅಚ್ಚೊತ್ತಿದ ಚೀಟಿಗಳಿವೆ. ಪಲ್ಲವಿ ಅದೇ, ಖೈರಿಯತ್ತು. ಒಂದು ಕಾಗದದಲ್ಲಿ, ಇಲ್ಲಿ ಕೊಬ್ಬರಿ ಸಿಗುತ್ತದೆ ಆದರೆ ನಮ್ಮದರ ರುಚಿ ಇಲ್ಲ ಎಂದಿದೆ. 1948ರ ಆಗಸ್ಟ್ 15ಕ್ಕೆ ನಮ್ಮ ಸರ್ಕಾರ ಹುತಾತ್ಮ ಗಾಂಧೀಜಿಯ ನಾಲ್ಕು ಚೀಟಿಗಳನ್ನು ತಂದಿತು. ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ಅವುಗಳ ಮೇಲೆ 'ಬಾಪೂ' ಎಂಬ ಪದ ನಾಗರಿ ಮತ್ತು ಉರ್ದು ಎರಡೂ ಲಿಪಿಗಳಲ್ಲಿದೆ. ಕರಾಚಿಗೆ ಉತ್ತರ ಬರೆಯುವಾಗ ಆ ಚೀಟಿಯನ್ನೇ ಹಚ್ಚಬೇಕೆಂದು ಪೇಶ್ ಇಮಾಮರು ಹಟ ಹಿಡಿದರಂತೆ.

ಕರಾಚಿಯ ಕಾಗದಗಳ ಸಾಲಿನಲ್ಲಿ 1965 ಒಂದು ಬಿರುಕು, 1971 ಇನ್ನೊಂದು. 1971ರ ಯುದ್ಧದಲ್ಲಿ ನಿಂತ ಅಂಚೆ ಮತ್ತೆ ನಡೆದದ್ದು 1974ರ ಒಪ್ಪಂದದ ನಂತರ. ಆ ಬಿರುಕಿನ ಜಾಗದಲ್ಲಿ ನಾನಿಯ ಕಟ್ಟಿನಲ್ಲಿ ಬೇರೊಂದು ಚೀಟಿ ಬರುತ್ತದೆ. ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರಿಗಾಗಿ 1971ರ ನವೆಂಬರ್ 15ರಿಂದ 1973ರ ಮಾರ್ಚ್ ಕೊನೆಯವರೆಗೆ ಕಾಗದಕ್ಕೆ ಐದು ಪೈಸೆಯ ಹೆಚ್ಚುವರಿ ಚೀಟಿ ಹಚ್ಚಬೇಕಿತ್ತು. ಮೊದಮೊದಲು ಹೊಸ ಚೀಟಿ ಸಾಲದೆ, ಕುಟುಂಬ ಯೋಜನೆಯ ಐದು ಪೈಸೆ ಚೀಟಿಯ ಮೇಲೆಯೇ ನಿರಾಶ್ರಿತರ ಪರಿಹಾರ ಎಂದು ಒತ್ತಿ ಕೊಟ್ಟರು, ಬೆಂಗಳೂರಿನಲ್ಲಿಯೂ ಒತ್ತಿದರು. ತಿಪಟೂರಿನ ಮಂಡಿಯಿಂದ ಕೊಬ್ಬರಿ ದರ ತಿಳಿಸುವ ಲಕೋಟೆಯಲ್ಲೂ ಹೀಗೆ ಢಾಕಾದ ಯಾವುದೋ ತಾಯಿಗೆ ಐದು ಪೈಸೆ ಸೇರಿಹೋಯಿತು. ಕರಾಚಿಯ ಕಾಗದಗಳು ತೊಂಬತ್ತರ ದಶಕದಲ್ಲಿ ತಾವಾಗಿಯೇ ನಿಂತವು, ಬರೆಯುವವರೂ ಓದಿಸಿಕೊಳ್ಳುವವರೂ ಹೋದರು. 2025ರ ಮೇ 3ರಂದು ಪಾಕಿಸ್ತಾನದಿಂದ ಬರುವ ಎಲ್ಲ ಅಂಚೆಯನ್ನೂ ಭಾರತ ನಿಲ್ಲಿಸಿತು ಎಂಬ ಸುದ್ದಿ ಓದಿದಾಗ, ನಿಲ್ಲಿಸಲು ನಮ್ಮ ಮನೆಯದು ಯಾವ ಕಾಗದವೂ ಉಳಿದಿರಲಿಲ್ಲ.

ನಾನಿ ತೀರಿಕೊಂಡ ಮೇಲೆ ಪೆಟ್ಟಿಗೆ ನನಗೆ ಬಂತು. ಮೈಸೂರಿನ ಜೊತೆಗಾರರ ಆ ಲಕೋಟೆಯನ್ನು ಈಚೆಗೆ ಮತ್ತೆ ಬಿಚ್ಚಿದಾಗ ಕಾಗದದ ಮಡಿಕೆಯೊಳಗೆ ಒಂದು ಖಾಲಿ ಕಾರ್ಡು ಸಿಕ್ಕಿತು. ಚಿಕ್ಕಂದಿನಲ್ಲಿ ಓದುವಾಗ ಅದನ್ನು ಗಮನಿಸಿರಲಿಲ್ಲ. ಉತ್ತರ ಬರೆಯಲೆಂದು ಅವರೇ ಕಾಸು ಕೊಟ್ಟು ಕೊಂಡು, ತಮ್ಮ ವಿಳಾಸವನ್ನು ಮುಂಚೆಯೇ ಬರೆದು ಒಳಗಿಟ್ಟು ಕಳಿಸಿದ್ದಾರೆ. ಒಂಬತ್ತು ಪೈಯ ದೊರೆಯ ತಲೆ, ಮೈಸೂರಿನ ಒಂದು ಮೊಹಲ್ಲಾದ ಹೆಸರು. ಹಿಂಬದಿಯಲ್ಲಿ ಮೇಲ್ಗಡೆ ಸಣ್ಣದಾಗಿ 786 ಎಂದು ಬರೆದಿದೆ. ಆ ಮೂರು ಅಂಕಿ ಫೌಜಿ ಮಾಮುವಿನ ಕೈಬರಹದ್ದು. ಅದರ ಕೆಳಗೆ ಏನೂ ಇಲ್ಲ.